ಸೊಂಟ ಹೇಳಿದ ಸಾಕ್ಷಿ

ಕಂತು ಏಳು

"ನಿಲ್ಸಲೇ ಹುಲುಗೇಶ! ಸತ್ತೆನೆಪ್ಪೋ, ನಿಲ್ಸು!"

ಜೀಪು ನಿಲ್ಲುವಷ್ಟರಲ್ಲಿ ಇನ್ನೊಂದು ಗುಂಡಿ ಬಂದೇಬಿಟ್ಟಿತು. ಹಿಂದಿನ ಬೆಂಚಿನಲ್ಲಿದ್ದ ಕೊಟ್ರಸ್ವಾಮಿ ಗೇಣುದ್ದ ಮೇಲಕ್ಕೆದ್ದು, ಟಾಪಿನ ಕಂಬಿಗೆ ತಲೆ ಕುಟ್ಟಿಸಿಕೊಂಡು, ಧೊಪ್ಪೆಂದು ಮತ್ತೆ ಅಲ್ಲೇ ಕೂತ. ಪೆಟ್ಟು ಬಿದ್ದದ್ದು ತಲೆಗೆ, ಕೂಗಿಕೊಂಡದ್ದು ಸೊಂಟ.

ಆ ಸೊಂಟದ ಬಗ್ಗೆ ಎರಡು ಮಾತು ಹೇಳಲೇಬೇಕು. ಕೊಟ್ಟೂರಿನಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿ, ಬಿದ್ದ ಗಾಡಿ, ಒಡೆದ ಗಾಡಿಗಳ ಕೆಳಗೆ ನುಸುಳಿ ನುಸುಳಿ ಅವನ ಬೆನ್ನೆಲುಬಿನ ಒಂದು ಡಿಸ್ಕ್ ಜಾರಿತ್ತು. ಅಂದಿನಿಂದ ಅಂಗಿಯೊಳಗೆ ಅಗಲವಾದ ಪಟ್ಟಿ ಬಿಗಿದುಕೊಂಡೇ ತಿರುಗಾಟ. ಹಾದಿಯಲ್ಲಿ ಕಡಲೆಕಾಳು ಬಿದ್ದಿದ್ದರೂ ಆ ಸೊಂಟಕ್ಕೆ ಗೊತ್ತಾಗುತ್ತದೆ ಎಂದು ಊರಿನವರು ನಗುತ್ತಿದ್ದರು. ನಗುವವರಿಗೇನು, ನೋಯುವುದು ಇವನಿಗೆ.

ಮುಂದಿನ ಸೀಟಿನಿಂದ ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರಾ ತಿರುಗಿ ನೋಡಿದಳು.

"ಇಷ್ಟಕ್ಕೇ ಬಾಯಿ ಮಾಡಿದ್ರ ಹೆಂಗ್ರಿ ಸರ್ವೇಯರ್ರೇ? ಬನ್ನಿಕಟ್ಟಿ ಕ್ರಾಸು ಇನ್ನೂ ದೂರ ಐತಿ."

"ನಿಮಗೇನ್ರಿ ಮೇಡಂ, ಮುಂದಿನ ಸೀಟು. ಹಿಂದ ಬಂದು ಕುಂತು ನೋಡ್ರಿ, ಹುಟ್ಟಿಸಿದ ದೇವ್ರು ಕಾಣ್ತಾನ."

ಬನ್ನಿಕಟ್ಟೆಯ ಕೆರೆ ಹೂಳಿನಲ್ಲಿ ಸಿಕ್ಕಿದ್ದ ಕಲ್ಲಿನ ಜಿನಮೂರ್ತಿ ಊರ ಚಾವಡಿಯಿಂದ ಕಳುವಾಗಿ, ಕಾವಲಿಗಿದ್ದ ಜಂಬಣ್ಣ ತಲೆಗೆ ಪೆಟ್ಟು ತಿಂದು ದವಾಖಾನೆಯಲ್ಲಿ ಕಣ್ಣು ಬಿಡದೆ ಮಲಗಿ ವಾರವಾಗುತ್ತ ಬಂದಿತ್ತು. ಚಾವಡಿಯ ಮುಂದೆ ಸಿಕ್ಕ ಟಯರಿನ ಗುರುತು ಈ ಜೀಪಿನದೇ. ಜೀಪಿನ ಮಾಲೀಕ ಕೊಟ್ಟೂರಿನ ಸಾಹುಕಾರ ಗುರುಬಸವರಾಜ. ರಾತ್ರಿ ಕೀಲಿ ಇರುವುದು ಡ್ರೈವರ್ ಹುಲುಗೇಶನ ಹತ್ತಿರ ಎಂದು ಆತ ಪೊಲೀಸರಿಗೆ ಹೇಳಿದ್ದ. ಟಯರಿನ ಅಚ್ಚು ತೆಗೆದುಕೊಂಡು ಗಾಡಿಯನ್ನು ಬಿಟ್ಟುಕೊಟ್ಟಿದ್ದರು, ಏಕೆಂದರೆ ಸಾಹುಕಾರರ ಮಾತು ಮೇಲಿನವರ ತನಕ ನಡೆಯುತ್ತಿತ್ತು. ಹುಲುಗೇಶನ ಮಾತು ಅವನ ಮನೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಹಾಗಾಗಿ ಎಲ್ಲರ ಬೊಟ್ಟೂ ಅವನ ಕಡೆಗೇ. ಗಾಡಿಯನ್ನು ಇನ್ನೊಮ್ಮೆ ಪರೀಕ್ಷಿಸಲೆಂದು ಸಂಘಮಿತ್ರಾ ಇವತ್ತು ಕೊಟ್ರಸ್ವಾಮಿಯನ್ನು ಅದೇ ಜೀಪಿನಲ್ಲಿ ಕರೆತಂದಿದ್ದಳು.

"ನಾನೇನು ಮಾಡ್ಲಿ ಅಣ್ಣಾರ?" ಹುಲುಗೇಶ ಸ್ಟೀರಿಂಗ್ ಹಿಡಿದೇ ಅಳುದನಿಯಲ್ಲಿ ಹೇಳಿದ. "ಗುಡೇಕೋಟಿ ಕಡಿ ಕರಡಿ ನೋಡಾಕ ಬರೋ ಮಂದೀನ ಗುಡ್ಡ ಹತ್ತಿಸಬೇಕಂತ ಸಾಹುಕಾರ್ರು ಹೆವಿ ಡ್ಯೂಟಿ ಶಾಕಪ್ ಹಾಕ್ಸ್ಯಾರ. ಹಿಂದ ಮಂದಿ ತುಂಬಿದ್ರ ಗಾಡಿ ಮೆತ್ತಗ ಕುಂತ್ಗೊಂಡು ನಡೀತೈತಿ. ಖಾಲಿ ಇತ್ತಂದ್ರ ಎತ್ತು ಒದ್ದಂಗ ಒದಿತೈತಿ. ಒಬ್ರು ಇಬ್ರನ್ನ ಕರ್ಕೊಂಡು ಹೋಗೂ ಮುಂದ ನಾವು ಉಸುಕಿನ ಚೀಲ ಹೇರ್ಕೊಂಡು ಹೋಗ್ತೀವಿ ನೋಡ್ರಿ."

ಇದು ಕೊಟ್ರಸ್ವಾಮಿಗೂ ಗೊತ್ತಿದ್ದ ಮಾತೇ. ಭಾರ ಹೊರಲೆಂದು ಮಾಡಿದ ಶಾಕ್ ಅಬ್ಸಾರ್ಬರ್‌ಗೆ ಭಾರ ಬೇಕು. ಭಾರ ಬಿದ್ದರೆ ಅದು ಹಳ್ಳದಿಣ್ಣೆಗಳನ್ನು ತಾನೇ ನುಂಗಿಕೊಳ್ಳುತ್ತದೆ. ಇಲ್ಲದಿದ್ದರೆ ಒಂದೊಂದು ಗುಂಡಿಯನ್ನೂ ಇದ್ದ ಹಾಗೇ ಎತ್ತಿ ಕೂತವರ ಬೆನ್ನಿಗೆ ದಾಟಿಸುತ್ತದೆ. ಗಾಡಿ ಗಟ್ಟಿಯಾಗಲಿ ಎಂದು ಹುರುಪಿನಲ್ಲಿ ಹಾಕಿಸಿಕೊಂಡವರು, ಹೆಂಡತಿ ಮಕ್ಕಳನ್ನು ಒಂದು ಸಲ ಕೂರಿಸಿಕೊಂಡು ಹೋಗಿಬಂದ ಮೇಲೆ, ಹಳೆಯದನ್ನೇ ಹಾಕಿಕೊಡಿ ಎಂದು ಗ್ಯಾರೇಜಿಗೆ ಓಡಿ ಬರುವುದನ್ನು ಅವನು ಎಷ್ಟೋ ಸಲ ಕಂಡಿದ್ದ.

ಆದರೆ ಗೊತ್ತಿದ್ದ ಮಾತೇ ಕೆಲವು ಸಲ ತಡವಾಗಿ ಹೊಳೆಯುತ್ತದೆ.

ಕಳುವಾದ ಮರುದಿನ ಬೆಳಿಗ್ಗೆ ಇದೇ ಜೀಪಿನಲ್ಲಿ, ಇದೇ ಹಾದಿಯಲ್ಲಿ ಅವನ ತಂಗಿ ಸುಕನ್ಯಾ ಹಡಗಲಿಯಿಂದ ತವರಿಗೆ ಬಂದಿದ್ದಳು. ಚೊಚ್ಚಲ ಬಸುರಿ, ಒಂಬತ್ತನೇ ತಿಂಗಳು ಬಿದ್ದಿತ್ತು. ಗುರುಬಸವರಾಜ ಅವರಿಬ್ಬರಿಗೂ ಸೋದರಮಾವ, ಅವ್ವನ ಒಡಹುಟ್ಟಿದ ಅಣ್ಣ. ತಂಗಿಯ ಮಗಳನ್ನು ಡ್ರೈವರ್ ಕೈಗೆ ಕೊಡುವುದೇ ಎಂದು ಆವತ್ತು ತಾನೇ ಜೀಪು ಓಡಿಸಿಕೊಂಡು ಬಂದಿದ್ದ. ಇಳಿದವಳು ಹೊಸ್ತಿಲಲ್ಲೇ ನಿಂತು ಆಕಳಿಸುತ್ತ, "ಎಂಥಾ ನಿದ್ದಿ ಬಂತವ್ವಾ, ತೊಟ್ಟಿಲದಾಗ ಮಲಗಿದಂಗ ಬಂದೆ" ಎಂದಿದ್ದಳು.

ತೊಟ್ಟಿಲು! ಈ ಗಾಡಿಯಲ್ಲಿ!

ಕೊಟ್ರಸ್ವಾಮಿ ನೆಟ್ಟಗೆ ಕೂತ. ಸೊಂಟದ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಮೇಡಂ," ಎಂದ ಮೆಲ್ಲಗೆ. "ಕಳುವಾದ ಮರುದಿನ ನೀವು ಈ ಹಾದ್ಯಾಗ ನಾಕಾಬಂದಿ ಹಾಕಿದ್ರೆಲ್ಲ. ಈ ಗಾಡಿ ಬಂದಾಗ ಹಿಂದ ಹತ್ತಿ ನೋಡಿದ್ರೇನು?"

ಸಂಘಮಿತ್ರಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

"ಇಲ್ರಿ. ನಿಮ್ಮ ತಂಗಿ ಗಾದಿ ಮ್ಯಾಲೆ ಒರಗಿದ್ಲು. ಮಡ್ಲಾಗ ಜ್ವಾಳದ ಉಡಿ ತುಂಬಿತ್ತು. ಕಾನ್‌ಸ್ಟೇಬಲ್ ಹತ್ತಾಕ ಹೋಗಿದ್ದ, ನಾನೇ ಬ್ಯಾಡ ಅಂದೆ. ಉಡಿ ತುಂಬಿದ ಬಸುರೀನ ಹಾದ್ಯಾಗ ಎಬ್ಬಿಸಿ, ಉಡಿ ಚೆಲ್ಲಿಸಿ, ಆ ಪಾಪ ಯಾರು ಕಟ್ಗೊಳ್ಳಬೇಕ್ರಿ? ನಮ್ಮವ್ವ ಕೇಳಿದ್ರ ನನ್ನ ಮನ್ಯಾಗ ಸೇರಿಸ್ತಿರಲಿಲ್ಲ."

"ಉಡಿ ಎಲ್ಲಿ ತುಂಬಿದ್ರಂತ?"

"ಬನ್ನಿಕಟ್ಟಿ ಕ್ರಾಸಿನ್ಯಾಗ, ಸಾಹುಕಾರ್ರ ತ್ವಾಟದ ಮನ್ಯಾಗ, ಅವರ ಹೆಂಡ್ತಿ ತುಂಬ್ಯಾರಂತ. ಯಾಕ್ರಿ?"

ಬನ್ನಿಕಟ್ಟೆ ಕ್ರಾಸು. ಮೂರ್ತಿ ಕಳುವಾದ ಚಾವಡಿ ಅಲ್ಲಿಂದ ಕೂಗಳತೆ ದೂರ. ನಾಲ್ಕು ಆಳು ಸೇರಿದರೂ ಒದ್ದಾಡಿ ಎತ್ತಬೇಕಾದ ಕಲ್ಲು ಅದು.

"ಏನಿಲ್ರಿ, ಸುಮ್ಮನ ಕೇಳಿದೆ" ಎಂದ ಕೊಟ್ರಸ್ವಾಮಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಕಿವಿ ಕೆಂಪಗಾದದ್ದು ಅವನಿಗೇ ತಿಳಿಯಿತು.

ಕ್ರಾಸಿನ ಹುಣಸೆ ಮರದ ನೆರಳಲ್ಲಿ ಜೀಪು ನಿಂತಿತು. ಸಂಘಮಿತ್ರಾ ಫೋನಿನಲ್ಲಿ ಮಾತಾಡುತ್ತ ಆಚೆ ಹೋದಳು. ಹುಲುಗೇಶ ಮುಖ ತೊಳೆಯಲು ಪಂಪಿನ ಮನೆಯ ಕಡೆ ನಡೆದ. ಕೊಟ್ರಸ್ವಾಮಿ ಟವಲ್ಲು ಹಾಸಿ, ಹಲ್ಲು ಕಚ್ಚಿ, ಮುದುಕ ಆಮೆಯ ಹಾಗೆ ಜೀಪಿನ ಕೆಳಗೆ ಸರಿದ.

ಹಿಂದಿನ ಎರಡು ಶಾಕ್ ಅಬ್ಸಾರ್ಬರ್‌ಗಳೂ ತೋಳಿನಷ್ಟು ದಪ್ಪ. ದುಬಾರಿ ಮಾಲು. ಕೆಳತುದಿಯಲ್ಲಿ ಬಿಗಿ ಮಾಡುವುದಕ್ಕೆ, ಸಡಿಲ ಮಾಡುವುದಕ್ಕೆ ಚಿಕ್ಕದೊಂದು ತಿರುಪು ಇತ್ತು. ಅದನ್ನು ಕಂಡಾಗ ಕೊಟ್ರಸ್ವಾಮಿಗೆ ಹೋದ ಜೀವ ಬಂದಂತಾಯಿತು. ಮಾವ ಇದನ್ನು ಸಡಿಲ ಮಾಡಿರಬಹುದು! ಬಸುರಿ ಕೂತಿದ್ದಾಳೆ ಎಂದು ಮೆತ್ತಗೆ ಮಾಡಿಕೊಂಡು ಬಂದಿರಬಹುದು! ಹಾಗಾಗಿದ್ದರೆ ಇಷ್ಟು ಹೊತ್ತು ಪಟ್ಟ ಸಂಶಯಕ್ಕೆ ಹೋಗಿ ಕಾಲಿಗೆ ಬಿದ್ದುಬಿಡುತ್ತೇನೆ ಅಂದುಕೊಂಡ.

ಟಾರ್ಚ್ ಹಾಕಿ ನೋಡಿದ. ಚಾಸಿಗೆ ತುಕ್ಕು ಹಿಡಿಯದಿರಲೆಂದು ಹೋದ ಮಳೆಗಾಲಕ್ಕೆ ಮೊದಲು ಹೊಡೆಸಿದ್ದ ಕಪ್ಪು ಬಣ್ಣ ತಿರುಪಿನ ಮೇಲೂ ದಪ್ಪಗೆ ಕೂತಿತ್ತು. ತಿರುಪು ಯಾವುದು, ಕೊಳವೆ ಯಾವುದು ಎಂದು ಗೊತ್ತಾಗದಷ್ಟು ಒಂದೇ ಪದರ. ಎಲ್ಲಿಯೂ ಕೂದಲೆಳೆಯಷ್ಟು ಸೀಳಿರಲಿಲ್ಲ. ಉಗುರಿನಿಂದ ಕೆರೆದು ನೋಡಿದ. ಇನ್ನೊಂದು ಬದಿಯದನ್ನೂ ನೋಡಿದ. ಅದೂ ಹಾಗೇ.

ತಿರುಪನ್ನು ಯಾರೂ ತಿರುಗಿಸಿರಲಿಲ್ಲ.

ಹೊರಗೆ ಬಂದು ಜೀಪಿನ ಹಿಂಭಾಗ ಹತ್ತಿದ. ಯಾರೋ ಚೆನ್ನಾಗಿ ಗುಡಿಸಿದ್ದರು. ಆದರೆ ಬೆಂಚಿನ ಕಾಲನ್ನು ತಗಡಿಗೆ ಬಿಗಿದ ಮೂಲೆಗೆ ಪೊರಕೆ ಹೋಗುವುದಿಲ್ಲ. ಅಲ್ಲಿ ಬೆರಳು ತೂರಿಸಿದಾಗ ಒಣಗಿದ ಮಣ್ಣಿನ ಹೆಂಟೆಯೊಂದು ಕೈಗೆ ಬಂತು. ಆ ಭಾಗದ ಕೆಂಪು ಮಣ್ಣಲ್ಲ, ಎಣ್ಣೆಯಂತೆ ಮಿರುಗುವ ಕಪ್ಪು ಕೆರೆ ಹೂಳು. ಅದರ ಹೊಟ್ಟೆಯಲ್ಲಿ ಬಿಳಿ ಜೋಳದ ಕಾಳುಗಳು ಅಂಟಿಕೊಂಡು ಒಣಗಿದ್ದವು.

ಮೂರ್ತಿಯನ್ನು ತೊಳೆಯಬೇಡಿ, ನಾವು ಬಂದು ನೋಡುವ ತನಕ ಹೂಳು ಹೂಳಾಗಿಯೇ ಇರಲಿ ಎಂದು ಪುರಾತತ್ವ ಇಲಾಖೆಯ ಅಧಿಕಾರಿಗಳು ಹೇಳಿ ಕಳಿಸಿದ್ದರಂತೆ. ಅವರು ಬರುವ ಮೊದಲೇ ಕಳ್ಳರು ಬಂದರು. ಹಸಿ ಹೂಳಿನ ಮೇಲೆ ಬಿದ್ದ ಜೋಳ ಮಾತ್ರ ಹೀಗೆ ಹುದುಗಿಕೊಳ್ಳುತ್ತದೆ. ಅಂದರೆ ಈ ಜೀಪಿನಲ್ಲಿ ಹೂಳೂ ಜೋಳವೂ ಒಂದೇ ಹೊತ್ತಿಗೆ ಇದ್ದವು.

ಕೊಟ್ರಸ್ವಾಮಿ ಹೆಂಟೆಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸಿದ.

"ಏನಾರ ಸಿಕ್ತೇನ್ರಿ?" ಸಂಘಮಿತ್ರಾ ಮರಳಿ ಬಂದಿದ್ದಳು. "ಸಿಕ್ರ ಮೊದ್ಲು ನನಗ ಹೇಳಬೇಕು, ಆ ಮಾತಿನ ಮ್ಯಾಲೇನ ನಿಮ್ಮನ್ನ ಕರ್ಕೊಂಡು ಬಂದೀನಿ. ಮೇಲಿನೋರು ಹುಲುಗೇಶನ್ನ ಒಳಗ ಹಾಕು ಅಂತ ಕುಂತಾರ."

"ಸಂಜಿ ತನಕ ಅವನ್ನ ಬಿಡ್ರಿ ಮೇಡಂ. ಅವನ ಜವಾಬ್ದಾರಿ ನಂದು. ಸಂಜಿಗೆ ನಾನೇ ಠಾಣೆಗೆ ಬಂದು ಎಲ್ಲ ಹೇಳ್ತೀನಿ."

ಅವಳು ಅವನ ಮುಖವನ್ನು ಚೆನ್ನಾಗಿ ನೋಡಿದಳು. "ನಿಮ್ಮ ಮಾರಿ ನೋಡಿದ್ರ ಈಗಲೇ ಹೇಳೋದು ಐತಿ ಅನ್ನಸ್ತೈತಿ. ಇರ್ಲಿ. ಸಂಜಿ ಅಂದ್ರ ಸಂಜಿ."

ಹುಲುಗೇಶ ಬಗ್ಗಿ ಕೊಟ್ರಸ್ವಾಮಿಯ ಕಾಲು ಮುಟ್ಟಿದ. ಜೀಪನ್ನು ಸಾಹುಕಾರರ ಅಂಗಡಿಗೆ ಬಿಟ್ಟು, ಮನೆಗೆ ಹೋಗಿ ಸುಮ್ಮನೆ ಕೂರಬೇಕು ಎಂದು ಅವನಿಗೆ ಹೇಳಿದ್ದಾಯಿತು.

*

ಮನೆಗೆ ಬಂದಾಗ ಸುಕನ್ಯಾ ಪಡಸಾಲೆಯ ಗೋಡೆಗೆ ಒರಗಿ ಒಗ್ಗರಣೆ ಮಂಡಕ್ಕಿ ತಿನ್ನುತ್ತಿದ್ದಳು. ತಿನ್ನುವುದಕ್ಕಿಂತ ಕೆದಕುವುದೇ ಹೆಚ್ಚಾಗಿತ್ತು.

"ಯಾಕವ್ವ, ಸೇರವಲ್ದೇನು?"

"ನಿನ್ನೆಯಿಂದ ಕೂಸು ಅಷ್ಟು ಅಲುಗಾಡವಲ್ದಣ್ಣ. ಹರಪನಹಳ್ಳಿ ಡಾಕ್ಟರಮ್ಮಗ ಫೋನ್ ಮಾಡಿದ್ದೆ, ಇವತ್ತು ಬಂದು ತೋರಿಸ್ಕೊಂಡು ಹೋಗು ಅಂದ್ರು. ಅಂಜೂದು ಏನಿಲ್ಲಂತ." ಅಂಜುವುದೇನಿಲ್ಲ ಎಂದವಳ ಕೈ ಮಾತ್ರ ಹೊಟ್ಟೆ ಬಿಟ್ಟು ಸರಿಯಲಿಲ್ಲ.

ಕೊಟ್ರಸ್ವಾಮಿ ನಿಧಾನಕ್ಕೆ ಅವಳ ಎದುರು ಕೂತ. "ಸುಕ್ಕಿ, ನೀ ಹಡಗಲಿಯಿಂದ ಬಂದಿಯಲ್ಲ, ಆವತ್ತು ಪೂರಾ ಹಾದಿ ಮಲಗಿದ್ದೇನು?"

"ಎಲ್ಲೀದು! ಬನ್ನಿಕಟ್ಟಿ ಕ್ರಾಸು ಮುಟ್ಟೂ ತನಕ ಎರಡೂ ಕೈಲಿ ಹೊಟ್ಟಿ ಹಿಡ್ಕೊಂಡು ಕುಂತಿದ್ದೆ. ಒಂದೊಂದು ಗುಂಡಿಗೂ ಜೀವ ಬಾಯಿಗೆ ಬರ್ತಿತ್ತು. ಅಲ್ಲಿ ಅತ್ತಿ ಒಳಗ ಕರದು ಉಡಿ ತುಂಬಿದ್ಲು. ಆಮ್ಯಾಲೆ ಗಾಡಿ ಹತ್ತಿದ್ದೇ ತಡ, ನಿದ್ದಿ."

"ನೀ ಒಳಗಿದ್ದಾಗ ಗಾಡಿ?"

"ಮಾವ ಗಾಳಿ ಹಾಕಿಸ್ಕೊಂಡು ಬರ್ತೀನಿ ಅಂತ ಹೋದ. ಭಾಳ ಹೊತ್ತು ಬರಲಿಲ್ಲ. ಅತ್ತಿ ಹೋಳಿಗಿ ಹಾಕಿ ಕುಂದ್ರಿಸಿದ್ಲು."

"ಗಾದಿ ಅಲ್ಲಿ ಹಾಸಿದ್ದೋ?"

"ಇಲ್ಲಪ, ಹಡಗಲ್ಯಾಗ ಹತ್ತೂ ಮುಂದ ಹಾಸಿತ್ತು. ಕ್ರಾಸಿನ್ಯಾಗ ಬರೇ ಎತ್ತಿ ಹಾಸಿದ್ರು, ಕೆಳಗ ಮಾವನ ಸಾಮಾನು ಐತಿ ಅಂತ." ಸುಕನ್ಯಾ ತಟ್ಟೆ ಕೆಳಗಿಟ್ಟಳು. "ಹತ್ತೂ ಮುಂದ ಉಡಿಯಾಗಿನ ಜ್ವಾಳ ಒಂದೀಟು ಚೆಲ್ತಣ್ಣ. ಅತ್ತಿ ಮಾರಿ ಸಣ್ಣ ಮಾಡಿದ್ಲು. ಅದಕ್ಕೇ ಹಿಂಗ ಆಗಾಕತ್ತೈತೇನು? ಕೂಸಿಗೆ ಏನಾರ..."

"ಏ ಹುಚ್ಚಿ. ಜ್ವಾಳ ಚೆಲ್ಲಿದ್ರ ಕೂಸಿಗೆ ಏನಾಗತೈತಿ? ಒಳ್ಳೇದೇ ಆಗತೈತಿ."

ಹೇಳಿದ್ದು ಅವಳ ಸಮಾಧಾನಕ್ಕೆ. ಜೇಬಿನಲ್ಲಿದ್ದ ಹೆಂಟೆ ಮಾತ್ರ ಕೆಂಡದ ಹಾಗೆ ತೊಡೆ ಸುಡುತ್ತಿತ್ತು.

ರಾತ್ರಿ ಕದ್ದು ತೋಟದಲ್ಲಿ ಬಚ್ಚಿಟ್ಟ ಕಲ್ಲನ್ನು ಬೆಳಿಗ್ಗೆ ಗಾಡಿಗೆ ಹೇರಿದ್ದರು. ತನ್ನ ತಂಗಿ ಆವತ್ತು ಮಲಗಿದ್ದು ಆ ಕಳವಿನ ಮಾಲಿನ ಮೇಲೆ! ಬಸುರಿಯನ್ನು ಎಬ್ಬಿಸಬಾರದು ಎಂದು ಪೊಲೀಸರು ತಲೆ ಬಾಗಿಸಿ ದಾರಿ ಬಿಡುತ್ತಾರೆ ಎಂಬುದು ಮಾವನಿಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಅವ್ವ ಒಳಗಿನಿಂದ ಕೂಗಿದಳು. "ಕೊಟ್ರಾ, ಉಂಡು ಹೋಗು. ನಿಮ್ಮ ಮಾವ ಫೋನ್ ಮಾಡಿದ್ದ, ನಿನ್ನ ಕೇಳ್ತಿದ್ದ."

ಆಗಲೇ ಬಾಯಿ ಬಿಟ್ಟು ಹೇಳಬೇಕಿತ್ತು. ಅವ್ವಾ, ಮಾವನ ಗಾಡಿ ಬಂದರೆ ತಂಗಿಯನ್ನು ಹತ್ತಿಸಬೇಡ ಅನ್ನಬೇಕಿತ್ತು. ಆದರೆ ಅಪ್ಪ ತೀರಿಕೊಂಡ ಮೇಲೆ ಈ ಮನೆ ನಿಂತದ್ದೇ ಮಾವನ ಹೆಗಲ ಮೇಲೆ. ಅಣ್ಣನೆಂದರೆ ಅವ್ವನಿಗೆ ದೇವರ ಜಗಲಿಯಲ್ಲಿ ಕೂರಿಸಬೇಕಾದವನು. ಅವಳ ಮುಂದೆ ಅಣ್ಣನನ್ನು ಕಳ್ಳ ಎನ್ನಲು ನಾಲಿಗೆ ಏಳಲಿಲ್ಲ.

"ಒಂದು ಗಳಿಗಿ ತಡಿ ಸುಕ್ಕಿ. ಹೋಗಿ ಬಂದು ನಾನೇ ಕಾರು ಮಾಡಿ ಹರಪನಹಳ್ಳಿಗೆ ಕರ್ಕೊಂಡು ಹೋಗ್ತೀನಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ.

ಠಾಣೆಗೆ ಹೋಗಬೇಕಾದ ಕಾಲು ಮಾವನ ಅಂಗಡಿಯ ಕಡೆ ತಿರುಗಿತು.

*

ಗುರುಬಸವರಾಜನದು ಟ್ರ್ಯಾಕ್ಟರ್ ಬಿಡಿಭಾಗಗಳ ದೊಡ್ಡ ಅಂಗಡಿ. ಹಣೆ ತುಂಬ ವಿಭೂತಿ, ಮಡಿಕೆ ಮುರಿಯದ ಬಿಳಿ ಅಂಗಿ, ಹತ್ತಿರ ಹೋದವರಿಗೆಲ್ಲ ಮೊದಲು ಚಹ. ಊರಿನಲ್ಲಿ ಜಗಳವಾದರೆ ಜನ ಪಂಚಾಯ್ತಿಗೆ ಕರೆಯುತ್ತಿದ್ದುದು ಅವನನ್ನೇ.

"ಬಾರೋ ಅಳಿಯಾ. ಸೊಂಟ ಹೆಂಗೈತಿ?"

"ಬೆಳಿಗ್ಗಿ ನಿನ್ನ ಜೀಪಿನ್ಯಾಗ ಕುಂತಿದ್ದೆ ಮಾವ. ಇದ್ದ ಬದ್ದ ಸೊಂಟಾನೂ ಹೋತು."

ಗುರುಬಸವರಾಜ ಗಟ್ಟಿಯಾಗಿ ನಕ್ಕ. "ಖಾಲಿ ಗಾಡಿ ಒದಿತೈತೋ! ಅದು ಕರಡಿ ಗುಡ್ಡಕ್ಕ ಹೋಗೋ ಗಾಡಿ, ಮದಲಗಿತ್ತಿ ಕೂಡೋ ಡೋಲಿ ಅಲ್ಲ."

"ಸುಕನ್ಯಾಗ ಒದಿಲಿಲ್ಲಂತಲ್ಲ?"

ಚಹದ ಲೋಟ ತುಟಿಯ ಹತ್ತಿರ ಹೋಗಿ ಸ್ವಲ್ಪ ತಡೆಯಿತು. ಆಮೇಲೆ ಒಂದು ಗುಟುಕು ಒಳಗೆ ಹೋಯಿತು.

"ಗಾದಿ ಹಾಸಿದ್ನೆಲ್ಲೋ."

"ಗಾದಿ ಹಡಗಲಿಯಿಂದ್ಲೇ ಇತ್ತು. ಬನ್ನಿಕಟ್ಟಿ ಕ್ರಾಸಿನ ತನಕ ಆಕಿ ಹೊಟ್ಟಿ ಹಿಡ್ಕೊಂಡು ಬಂದ್ಲು. ಅಲ್ಲಿಂದ ಈಚಿಗೆ ಮಲಗಿದ್ಲು. ಮಾವ, ಆ ಈಚಿನ ಹಾದೀನೇ ಹಾಳು ಹಾದಿ. ಇವತ್ತು ನನ್ನ ತಲಿ ಕುಟ್ಟಿದ್ದು ಅಲ್ಲೇ."

"ನೀ ಸರ್ವೇಯರ್ ಆಗಿ ನನಗ ಗಾಡಿ ಕಲಸ್ತೀಯೇನು?" ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಶಾಕಪ್ಪಿಗೆ ಕೆಳಗ ತಿರುಪು ಇರತೈತಿ. ಗಾಳಿ ಹಾಕಿಸೂ ಮುಂದ ನಾನೇ ಬಗ್ಗಿ ಸಡಿಲ ಮಾಡಿದೆ. ಬಸುರಿ ಹೆಣ್ಮಗಳು, ತಂಗಿ ಮಗಳು. ಅಷ್ಟೂ ಕಾಳಜಿ ಇರಬಾರ್ದೇನು ನನಗ? ಮನಿಗೆ ಬಂದು ಮತ್ತ ಬಿಗಿ ಮಾಡಿದೆ. ಸಾಕೋ ಇನ್ನೂ ಬೇಕೋ?"

ಎಷ್ಟು ಚಂದದ ಉತ್ತರ! ನಂಬಿಬಿಡೋಣ ಎಂದು ಕೊಟ್ರಸ್ವಾಮಿಯ ಜೀವ ಹಾತೊರೆಯಿತು. ನಂಬಿದರೆ ಮಾವ ಉಳಿಯುತ್ತಿದ್ದ, ಅವ್ವನ ಅಣ್ಣ ಉಳಿಯುತ್ತಿದ್ದ, ತನ್ನ ಬಾಲ್ಯವೂ ಉಳಿಯುತ್ತಿತ್ತು. ಆದರೆ ಬೆಳಿಗ್ಗೆ ಟಾರ್ಚಿನ ಬೆಳಕಲ್ಲಿ ಕಂಡ ಕಪ್ಪು ಬಣ್ಣ ಕಣ್ಣ ಮುಂದಿನಿಂದ ಸರಿಯಲಿಲ್ಲ.

"ಆ ತಿರುಪಿನ ಮ್ಯಾಲೆ ಕರೇ ಬಣ್ಣ ಕುಂತೈತಿ ಮಾವ. ಹೋದ ಮಳಿಗಾಲಕ್ಕ ನೀನೇ ಹೊಡಿಸಿದ್ದು. ಯಾವ ಬದೀಗೂ ಬಣ್ಣ ಒಂದು ಗೆರಿ ಸೀಳಿಲ್ಲ. ತಿರುವಿದ್ರ ಒಡಿಬೇಕಿತ್ತಲ್ಲ."

ಗುರುಬಸವರಾಜ ಲೋಟ ಕೆಳಗಿಟ್ಟ. ಕೆಲಸದವನನ್ನು ಕಣ್ಣಲ್ಲೇ ಹೊರಗೆ ಕಳಿಸಿದ.

"ಏನು ಹೇಳಾಕ ಬಂದಿ?"

"ಕ್ರಾಸಿನ್ಯಾಗ ಗಾಡಿಗೆ ಭಾರ ಬಿತ್ತು. ಹಂಗಿಂಥಾ ಭಾರ ಅಲ್ಲ. ನಾಕೈದು ಮಂದಿ ಕುಂತಷ್ಟು ಭಾರ. ಸುಕನ್ಯಾ ಒಳಗ ಉಡಿ ತುಂಬಿಸ್ಕೊಳ್ಳೂ ಹೊತ್ತಿಗೆ. ಅದು ಏನು ಅಂತ ನಿನ್ನ ಬಾಯಿಲೇ ಹೇಳು."

"ಜ್ವಾಳದ ಚೀಲ" ಎಂದ ಗುರುಬಸವರಾಜ ಥಟ್ಟನೆ. ಈ ಸಲ ಉತ್ತರ ಸ್ವಲ್ಪ ಬೇಗ ಬಂತು. ತಿರುಪಿನ ಮಾತು ಬಿಟ್ಟು ಚೀಲಕ್ಕೆ ಯಾಕೆ ಬಂದೆ ಎಂಬುದು ಅವನಿಗೂ ಆಗಲೇ ಹೊಳೆದಿರಬೇಕು, ಹೆಗಲ ಮೇಲಿನ ಶಲ್ಯ ಸರಿ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ಕೊಟ್ರಸ್ವಾಮಿ ಮಾತಾಗಿ ಕೇಳಿದ್ದ, ಕಣ್ಣಾರೆ ಕಂಡದ್ದು ಅಂದೇ.

ಅವನು ಕರವಸ್ತ್ರ ಬಿಚ್ಚಿ ಹೆಂಟೆಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟ.

"ಜ್ವಾಳ ಖರೇ ಮಾವ. ಆದ್ರ ಕೆರಿ ಹೂಳಿನ್ಯಾಗ ಹುದುಗಿದ ಜ್ವಾಳ. ಇದು ಸುಕನ್ಯಾನ ಉಡಿಯಿಂದ ಚೆಲ್ಲಿದ್ದು. ಅತ್ತಿ ನೋಡ್ಯಾಳ."

ಗೋಡೆಯ ಫ್ಯಾನು ತಿರುಗುತ್ತಲೇ ಇತ್ತು. ಗುರುಬಸವರಾಜ ಬೆರಳ ತುದಿಯಿಂದ ಹೆಂಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದ. ಮುಖದಲ್ಲಿ ಭಯವಿರಲಿಲ್ಲ. ಭಯ ಕಂಡಿದ್ದರೆ ಕೊಟ್ರಸ್ವಾಮಿಗೆ ಇಷ್ಟು ಭಯವಾಗುತ್ತಿರಲಿಲ್ಲ.

"ಜಂಬಣ್ಣಗ ಹೊಡಿಬೇಕಂತ ಯಾರೂ ಹೋಗಿರಲಿಲ್ಲ" ಎಂದ ಮೆಲ್ಲಗೆ. "ಅಂವಾ ಮಲಗಬೇಕಿತ್ತು, ಎದ್ದು ಕುಂತಿದ್ದ."

ಮಾವನ ಬಾಯಿಂದ ಬಂದೇಬಿಟ್ಟಿತು. ಕೊಟ್ರಸ್ವಾಮಿಗೆ ಗೆದ್ದೆ ಅನ್ನಿಸಲಿಲ್ಲ. ಕಣ್ಣು ತುಂಬಿ ಬಂತು.

"ಯಾಕ ಮಾವ? ಹೋಗ್ಲಿ, ಮಾಡಿದ್ದು ಮಾಡಿದಿ. ಅದಕ್ಕ ಸುಕ್ಕೀನೇ ಬೇಕಾಗಿತ್ತೇನು? ಏನಾರ ಆಗಿದ್ರ? ಕಲ್ಲು ಉರುಳಿದ್ರ?"

"ಅಪ್ಪ ಸತ್ತಾಗ ನಿನ್ನ ಕೈ ಹಿಡದಾಂವ ಯಾರಲೇ?"

"ನೀನೇ. ಅದಕ್ಕೇ ಪೊಲೀಸ್ರ ಹತ್ರ ಹೋಗೋದು ಬಿಟ್ಟು ಮೊದ್ಲು ನಿನ್ನ ಹತ್ರ ಬಂದೀನಿ. ನೀನೇ ಬಂದು ಹೇಳಿಬಿಡು, ಮೂರ್ತಿ ತೋರಿಸಿಬಿಡು. ಹುಲುಗೇಶ ಬಡವ, ಅವನ್ನ ಬಲಿ ಕೊಡಬ್ಯಾಡ."

"ಇದನ್ನ ಇನ್ನಾ ಯಾರಿಗೂ ಹೇಳಿಲ್ಲೇನು?"

"ಇಲ್ಲ."

ಗುರುಬಸವರಾಜ ನಿಟ್ಟುಸಿರು ಬಿಟ್ಟ. ನಿಜವಾದ ನಿಟ್ಟುಸಿರೇ ಇರಬೇಕು.

"ಅಲ್ಲೇ ತಪ್ಪಿದಿ ಅಳಿಯಾ."

ಆಗ ಕೊಟ್ರಸ್ವಾಮಿ ಅಂಗಡಿಯ ಪಕ್ಕದ ಖಾಲಿ ಜಾಗವನ್ನು ನೋಡಿದ. ಜೀಪು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು. ಅದರಾಚೆ ಗೋದಾಮಿನ ಬಾಗಿಲು ಹಾರುಹೊಡೆದಿತ್ತು, ಒಳಗಿನಿಂದ ಹೊಸ್ತಿಲ ತನಕ ಭಾರವಾದದ್ದೇನೋ ಎಳೆದ ಗೆರೆ.

"ಜೀಪೆಲ್ಲಿ ಮಾವ?"

ಉತ್ತರ ಕೊಟ್ರಸ್ವಾಮಿಯ ಜೇಬಿನಲ್ಲಿ ರಿಂಗಾಯಿತು. ಫೋನಿನ ಮೇಲೆ ಸುಕನ್ಯಾಳ ಹೆಸರು.

"ಎತ್ತು" ಎಂದ ಮಾವ. "ಆದ್ರ ಹುಷಾರು. ಆಕಿಗೆ ಗಾಬರಿ ಮಾಡಬಾರ್ದು. ಒಂಬತ್ತರಾಗ ಅದಾಳ."

ಅದು ಕಾಳಜಿಯೋ ಬೆದರಿಕೆಯೋ, ದನಿಯಿಂದ ತಿಳಿಯುವಂತಿರಲಿಲ್ಲ.

"ಅಣ್ಣಾ, ನಾ ಆಗಲೇ ಊರು ದಾಟಿ ಚಿಗಟೇರಿ ಹಾದಿ ಹಿಡದೀನಿ ನೋಡು! ನೀ ಹೋಗಿದ್ದೇ ತಡ ಮಾವ ಗಾಡಿ ಕಳಿಸಿದ. ಅವ್ವಾನೇ ಹತ್ತಿಸಿ ಕಳಿಸಿದ್ಲು. ಅತ್ತಿ ಜೋಡಿ ಅದಾಳ, ಮುಂದ ಕುಂತಾಳ. ಆವತ್ತು ಜ್ವಾಳ ಚೆಲ್ಲಿದ್ದಕ್ಕ ಮತ್ತ ಉಡಿ ತುಂಬ್ಯಾಳ."

ಎದುರಿಗೆ ಮಾವ ಎವೆಯಿಕ್ಕದೆ ನೋಡುತ್ತಿದ್ದ. ಇಳಿ ಅಂದರೆ ಎಲ್ಲಿ ಇಳಿಯುತ್ತಾಳೆ? ಇಳಿಯಲು ಬಿಡುವವರು ಯಾರು? ಕೂಗಿ ಹೇಳಿದರೆ ಅವಳ ಎದೆ ಒಡೆದೀತು. ಸುಮ್ಮನಿದ್ದರೆ?

"ತ್ರಾಸೇನಿಲ್ಲಲ್ಲ ತಂಗಿ?" ಎಂದ. ಅಷ್ಟೇ ಹೊರಬಂದದ್ದು.

"ಏನೂ ಇಲ್ಲಣ್ಣ. ಕೂಸೂ ಈಗ ಒಂದು ಸಲ ಒದೀತು. ನಾನೇ ಸುಮ್ಮನ ಅಂಜಿದ್ದೆ. ಇಲ್ಲಿ ಹಾದಿ ಪೂರಾ ಕಿತ್ತೈತಿ, ಆದ್ರ ಗಾಡಿ ಒಂದೀಟೂ ಕುಲುಕವಲ್ದು. ಆವತ್ತಿನಂಗೇ, ತೊಟ್ಟಿಲದಂಗ ಹೊಂಟೈತಿ."

ಕೊಟ್ರಸ್ವಾಮಿ ಗಲ್ಲಾಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದುಕೊಂಡ. ತಂಗಿಯ ಬೆನ್ನ ಕೆಳಗೆ, ಗಾದಿಯ ಅಡಿಯಲ್ಲಿ, ಆ ಕಲ್ಲು.

"ಗಾಡಿ ಯಾರು ಹೊಡಿಯಾಕತ್ಯಾರ ಸುಕ್ಕಿ?"

ಸುಕನ್ಯಾ ಉತ್ತರಿಸುವ ಮೊದಲೇ ಹತ್ತಿರದಿಂದ ಒಂದು ಗಂಡು ದನಿ ಕೇಳಿಸಿತು. ಅಳುವಿನ ಲವಲೇಶವೂ ಇಲ್ಲದ, ನಿರಾಳವಾದ ದನಿ. ಬೆಳಿಗ್ಗೆ ತನ್ನ ಕಾಲು ಮುಟ್ಟಿದ್ದವನ ದನಿ. ಅವನ ಜವಾಬ್ದಾರಿ ನಂದು ಎಂದು ತಾನೇ ಪೊಲೀಸರ ಕೈಯಿಂದ ಬಿಡಿಸಿಕೊಂಡು ಬಂದಿದ್ದ ಹುಲುಗೇಶನ ದನಿ.

"ಫೋನ್ ಇಡ್ರಿ ಅಕ್ಕಾರ. ಇನ್ನ ಮುಂದ ನಾವು ಹೋಗೋ ಹಾದ್ಯಾಗ ಸಿಗ್ನಲ್ ಸಿಗಂಗಿಲ್ಲ."